ಹತ್ತು ದಿನದ ಗಡುವು, ಹತ್ತೊಂಬತ್ತನೆಯ ದಿನ ತಲುಪಿದ ನಿಯಮಾವಳಿ: ತೀರ್ಥಹಳ್ಳಿ ಕಡೆಯ ಒಂದು ಟೈಮ್‌ಶೇರ್ ಪ್ರಕರಣ

ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು ಮತ್ತು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿರುವ ಅವರ ಪತ್ನಿ ಶಿವಮೊಗ್ಗದ ಹೋಟೆಲೊಂದರಲ್ಲಿ ಒಂದೇ ಸಂಜೆ ಕೂತು 25 ವರ್ಷಗಳ ರಜಾ ಸದಸ್ಯತ್ವವನ್ನು (ಟೈಮ್‌ಶೇರ್, ಅಂದರೆ ವರ್ಷಕ್ಕೆ ಕೆಲವು ರಾತ್ರಿ ರೆಸಾರ್ಟಿನಲ್ಲಿ ತಂಗುವ ಹಕ್ಕನ್ನು) ಕೊಂಡದ್ದು ಮತ್ತು ಅದರಿಂದ ಬಿಡಿಸಿಕೊಳ್ಳಲು ಹನ್ನೊಂದು ತಿಂಗಳು ಹೆಣಗಿದ್ದು ಈ ಬರಹದ ವಿಷಯ. ದೂರು ಬರೆಯುವ ಹಂತದಲ್ಲಿ ಅವರ ಕಾಗದಗಳೆಲ್ಲ ನನ್ನ ಮುಂದೆ ಬಂದವು. ಕುಟುಂಬದ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಂಪನಿಯ ಹೆಸರನ್ನೂ ಸಾಲ ಕೊಟ್ಟ ಸಂಸ್ಥೆಯ ಹೆಸರನ್ನೂ ಬರೆದಿಲ್ಲ, ಏಕೆಂದರೆ ಇದೇ ಅಚ್ಚಿನ ಕರಾರನ್ನು ಬಳಸುವವರು ಒಬ್ಬರೇ ಅಲ್ಲ.

ಪ್ರಕರಣ ಶುರುವಾದದ್ದು ಶಿವಮೊಗ್ಗದ ಬಟ್ಟೆ ಅಂಗಡಿಯೊಂದರಲ್ಲಿ ತುಂಬಿಕೊಟ್ಟ ಕೂಪನ್ನಿನಿಂದ. ವಾರದ ನಂತರ ಫೋನ್ ಬಂತು. ಲಕ್ಕಿ ಡ್ರಾದಲ್ಲಿ ಹೆಸರು ಬಂದಿದೆ, ಉಡುಗೊರೆ ಕೊಡುತ್ತೇವೆ, ಆದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬರಬೇಕು ಎಂದರು. ಈ ಕೊನೆಯ ಷರತ್ತು ಸುಮ್ಮನೆ ಇಟ್ಟದ್ದಲ್ಲ. ಒಬ್ಬರೇ ಬಂದರೆ ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂದು ಎದ್ದು ಹೋಗಬಹುದು, ಇಬ್ಬರೂ ಎದುರಿಗಿದ್ದರೆ ಆ ದಾರಿ ಮುಚ್ಚಿಹೋಗುತ್ತದೆ. ಫೆಬ್ರವರಿಯ ಎರಡನೆಯ ವಾರ, ಅಡಿಕೆ ಕೊಯ್ಲು ಮುಗಿದು ಮಂಡಿಯ ಹಣ ಕೈಗೆ ಬಂದಿದ್ದ ಹೊತ್ತಿನಲ್ಲಿ ಅವರು ಆ ಸಭೆಗೆ ಹೋದರು. ಮೂರು ಗಂಟೆಯಷ್ಟು ಕಾಲ ಮಾತು, ವಿಡಿಯೊ, ನಡುನಡುವೆ ಪಕ್ಕದ ಮೇಜಿನಲ್ಲಿ ಯಾರೋ ಸದಸ್ಯರಾದರೆಂದು ಚಪ್ಪಾಳೆ. ಬೆಲೆ 5,90,000 ರೂಪಾಯಿಯಿಂದ ಆರಂಭವಾಗಿ ಕೊನೆಗೆ 3,20,000ಕ್ಕೆ ಇಳಿಯಿತು. “ಈ ರೇಟು ಇವತ್ತಿಗೆ ಮಾತ್ರ ಸರ್, ನಾಳೆ ನಾನೇ ಕೊಡ್ತೀನಿ ಅಂದ್ರೂ ಸಿಸ್ಟಮ್ ತಗೊಳ್ಳಲ್ಲ” ಎಂದು ಪ್ರತಿನಿಧಿ ಹೇಳಿದ್ದನ್ನು ಆ ಶಿಕ್ಷಕಿ ದೂರಿನಲ್ಲಿ ಇದ್ದ ಹಾಗೆಯೇ ಬರೆಸಿದರು.

ಪ್ರತಿನಿಧಿ ಇನ್ನೊಂದು ಮಾತನ್ನೂ ಹೇಳಿದ್ದ. ಇದು ಆಸ್ತಿ ಇದ್ದ ಹಾಗೆ, ಮಕ್ಕಳಿಗೂ ಬರುತ್ತದೆ, ಬೇಡವಾದಾಗ ಮಾರಬಹುದು ಎಂಬುದು ಆ ಮಾತು. ನಮ್ಮ ದೇಶದಲ್ಲಿ ಟೈಮ್‌ಶೇರ್ ಎಂದು ಮಾರಾಟವಾಗುವುದು ಬಹುಪಾಲು ಬಳಕೆಯ ಹಕ್ಕು ಮಾತ್ರ. ವರ್ಷಕ್ಕೆ ಏಳು ರಾತ್ರಿ, ನಿಗದಿತ ಋತುವಿನಲ್ಲಿ, ನಿಗದಿತ ಅಳತೆಯ ಕೋಣೆಯನ್ನು, ಖಾಲಿ ಇದ್ದರೆ, ಕೇಳಬಹುದು ಎಂಬುದಷ್ಟೇ ಅದರ ಹುರುಳು. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯಲ್ಲಿ ಹಕ್ಕು ಹುಟ್ಟಿಸುವ ಪತ್ರವನ್ನು 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ನೋಂದಾಯಿಸಲೇಬೇಕು. ಇವರ ಕೈಗೆ ಬಂದ ಯಾವ ಕಾಗದವೂ ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿದ್ದಲ್ಲ. ಪಕ್ಕದ ಅರ್ಧ ಎಕರೆ ತೋಟ ಕೊಳ್ಳುವಾಗ ಪಹಣಿ, ಮ್ಯುಟೇಶನ್, ಹದಿಮೂರು ವರ್ಷದ ಋಣಭಾರ ಪತ್ರ ಎಲ್ಲವನ್ನೂ ತೆಗೆಸಿ ನೋಡಿದ್ದ ಅದೇ ಮನುಷ್ಯ ಇಲ್ಲಿ ಕಾಫಿ ಆರುವಷ್ಟರಲ್ಲಿ ಸಹಿ ಹಾಕಿದ್ದರು. ಅವರನ್ನು ದಡ್ಡರೆನ್ನುವುದು ಸುಲಭ, ಆದರೆ ಸರಿಯಲ್ಲ. ಭೂಮಿಯ ಕಾಗದವನ್ನು ಓದುವ ಅಭ್ಯಾಸ ಮಲೆನಾಡಿಗೆ ತಲೆಮಾರುಗಳಿಂದ ಇದೆ, ಸದಸ್ಯತ್ವದ ಕಾಗದವನ್ನು ಓದುವ ಅಭ್ಯಾಸ ಇನ್ನೂ ಬಂದಿಲ್ಲ, ಬರದಂತೆಯೇ ಆ ಸಂಜೆಯನ್ನು ಏರ್ಪಡಿಸಿರುತ್ತಾರೆ.

ಲೆಕ್ಕ

ಬೆಲೆ 3,20,000, ಅದರ ಮೇಲೆ ಶೇ. 18ರಂತೆ ಜಿಎಸ್‌ಟಿ 57,600, ಒಟ್ಟು 3,77,600 ರೂಪಾಯಿ. ಇದರಲ್ಲಿ 60,000 ರೂಪಾಯಿಯನ್ನು ಅಲ್ಲೇ ಕಾರ್ಡಿನಲ್ಲಿ ಎಳೆದರು. ಉಳಿದ 3,17,600ಕ್ಕೆ ಶಿಕ್ಷಕಿಯ ಸಂಬಳದ ಖಾತೆಯ ಆಧಾರದ ಮೇಲೆ ಹಣಕಾಸು ಸಂಸ್ಥೆಯೊಂದರಿಂದ ಶೇ. 12ರ ಬಡ್ಡಿಗೆ 48 ತಿಂಗಳ ಸಾಲ ಮಾಡಿಸಿದರು. ‘ಕಂತಿನ ಅನುಕೂಲ’ ಎಂದಷ್ಟೇ ಕೇಳಿಸಿಕೊಂಡಿದ್ದ ದಂಪತಿಗೆ ತಾವು ಮೂರನೆಯವರೊಬ್ಬರಿಂದ ಸಾಲ ಪಡೆದಿದ್ದೇವೆಂಬುದು ತಿಳಿದದ್ದು ಮಾರ್ಚ್‌ನಲ್ಲಿ ಮೊದಲ ಕಂತು 8,364 ರೂಪಾಯಿ ಬೇರೊಂದು ಹೆಸರಿನಲ್ಲಿ ಕಡಿತವಾದಾಗ. ಆ ಸಂಜೆ ಫೋನಿಗೆ ಬಂದ ಎರಡು ಒಟಿಪಿಗಳಲ್ಲಿ ಒಂದು ಸಾಲದ ಕರಾರಿನ ಇ-ಸಹಿ, ಇನ್ನೊಂದು ಖಾತೆಯಿಂದ ತಾನಾಗಿ ಹಣ ಕಡಿತ ಮಾಡಿಕೊಳ್ಳುವ ಎನ್‌ಎಸಿಎಚ್ ಒಪ್ಪಿಗೆ.

ನಾಲ್ಕು ವರ್ಷದ ಕಂತು ಮುಗಿಯುವ ಹೊತ್ತಿಗೆ ಮುಂಗಡವೂ ಸೇರಿ ಸುಮಾರು 4,61,000 ರೂಪಾಯಿ ಹೋಗಿರುತ್ತದೆ. ಜನ ಇಷ್ಟನ್ನೇ ಲೆಕ್ಕ ಹಾಕಿ ನಿಲ್ಲಿಸುತ್ತಾರೆ. ನಿಜವಾದ ಭಾರ ವಾರ್ಷಿಕ ನಿರ್ವಹಣಾ ಶುಲ್ಕದಲ್ಲಿದೆ. ಇವರಿಗೆ ಅದು ತೆರಿಗೆ ಸೇರಿ 16,520 ರೂಪಾಯಿ. ರೆಸಾರ್ಟಿಗೆ ಹೋದರೂ ಹೋಗದಿದ್ದರೂ ಕಟ್ಟಬೇಕು, ಬೆಲೆಯೇರಿಕೆಗೆ ತಕ್ಕಂತೆ ಕಂಪನಿ ಅದನ್ನು ಪ್ರತಿ ವರ್ಷ ಏರಿಸಬಹುದು. ವರ್ಷಕ್ಕೆ ಶೇ. 6ರಷ್ಟು ಏರಿದರೆ 25 ವರ್ಷಕ್ಕೆ ಅದೊಂದೇ 9 ಲಕ್ಷ ರೂಪಾಯಿ ದಾಟುತ್ತದೆ, ಅಂದರೆ ಸದಸ್ಯತ್ವಕ್ಕೆ ಕೊಟ್ಟ ಒಟ್ಟು ಹಣದ ಸುಮಾರು ಎರಡರಷ್ಟು. ಎಲ್ಲವನ್ನೂ ಕೂಡಿ 175 ರಾತ್ರಿಗಳಿಗೆ ಹಂಚಿದರೆ ರಾತ್ರಿಯೊಂದಕ್ಕೆ 7,800 ರೂಪಾಯಿ ಬೀಳುತ್ತದೆ. ಊಟ, ಪ್ರಯಾಣ ಬೇರೆ. ಅದೂ ಒಂದು ರಾತ್ರಿಯನ್ನೂ ಬಿಡದೆ ಬಳಸಿದರೆ.

ಬಳಸುವುದಕ್ಕೆ ಇವರಿಗೆ ಸಾಧ್ಯವೇ ಇರಲಿಲ್ಲ. ಸದಸ್ಯತ್ವವನ್ನು ಋತುಗಳ ಪ್ರಕಾರ ಬಣ್ಣ ಕೊಟ್ಟು ಮಾರುತ್ತಾರೆ, ಬೇಡಿಕೆ ಹೆಚ್ಚಿರುವ ವಾರಗಳಿಗೆ ಒಂದು ಬಣ್ಣ, ಕಡಿಮೆ ಇರುವ ವಾರಗಳಿಗೆ ಇನ್ನೊಂದು. ಇವರಿಗೆ ದಕ್ಕಿದ್ದು ಅಗ್ಗದ ಬಣ್ಣ, ಅದರಲ್ಲಿ ಹೆಚ್ಚಿನವು ಮಳೆಗಾಲದ ವಾರಗಳು. ಮಳೆಗಾಲದಲ್ಲಿ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ಕೆಲಸ, ಬಿಸಿಲು ಸಿಕ್ಕ ದಿನವನ್ನು ಕಾದು ಆಳುಗಳನ್ನು ಹೊಂದಿಸಬೇಕು. ಅದು ಮುಗಿದು ಸ್ವಲ್ಪ ಉಸಿರಾಡುವಷ್ಟರಲ್ಲಿ ಅಡಿಕೆ ಗೊನೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಶುರುವಾಗಿ ಜನವರಿಯವರೆಗೆ ಮನೆ ಬಿಡುವಂತಿಲ್ಲ. ಹೆಂಡತಿಗೆ ರಜೆ ಇರುವುದು ಏಪ್ರಿಲ್–ಮೇ ತಿಂಗಳಿನಲ್ಲಿ ಮತ್ತು ದಸರೆಯಲ್ಲಿ. ಇವೆರಡೂ ದುಬಾರಿ ಬಣ್ಣದ ವಾರಗಳು. ಇಬ್ಬರ ಬಿಡುವು ಕೂಡುವ ಒಂದು ದಿನವೂ ಅವರು ಕೊಂಡ ಋತುವಿನಲ್ಲಿ ಇರಲಿಲ್ಲ. ಆ ಸಂಜೆ ‘ವರ್ಷದಲ್ಲಿ ನೀವು ಯಾವಾಗ ಹೋಗಬಲ್ಲಿರಿ’ ಎಂಬ ಒಂದೇ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿದ್ದರೆ ಈ ವ್ಯಾಪಾರ ಅಲ್ಲಿಗೇ ಮುಗಿಯುತ್ತಿತ್ತು.

ಕಾಗದಗಳು ಮತ್ತು ಅವು ಬಂದ ದಿನಗಳು

ಸಹಿ ಹಾಕಿದ ದಿನ ಇವರ ಕೈಗೆ ಕೊಟ್ಟದ್ದು ಅರ್ಜಿಯ ನೆರಳಚ್ಚು ಪ್ರತಿ ಮಾತ್ರ. ಅದನ್ನು ಮಗುಚಿ ನೋಡಿದರೆ ಹಿಂಬದಿ ಖಾಲಿ. ಮೂಲ ಅರ್ಜಿಯ ಹಿಂಬದಿಯಲ್ಲಿ ಸಣ್ಣಕ್ಷರದ ಇಂಗ್ಲಿಷಿನಲ್ಲಿ ಷರತ್ತುಗಳಿದ್ದವೆಂದೂ ರದ್ದತಿಯ ಅವಕಾಶ ‘ಸದಸ್ಯತ್ವ ನಿಯಮಾವಳಿಯಂತೆ’ ಇರುತ್ತದೆಂಬ ಸಾಲು ಅದರಲ್ಲಿ ಇತ್ತೆಂದೂ ಕಂಪನಿ ನಂತರ ವಾದಿಸಿತು. ನಿಯಮಾವಳಿಯ ಪುಸ್ತಕ ಬಂದದ್ದು ಕೊರಿಯರಿನಲ್ಲಿ, ಹತ್ತೊಂಬತ್ತನೆಯ ದಿನ. ಒಂಟಿ ಮನೆಗಳ ಊರಿಗೆ ಕೊರಿಯರಿನವರು ಬರುವುದಿಲ್ಲ. ಪೇಟೆಯ ಪರಿಚಯದ ಅಂಗಡಿಯಲ್ಲಿ ಕಟ್ಟು ಇಟ್ಟು ಫೋನ್ ಮಾಡುತ್ತಾರೆ. ಬಣ್ಣದ ಡಬ್ಬಿ, ಅದರೊಳಗೆ ಸದಸ್ಯತ್ವದ ಕಾರ್ಡು, ಒಂದು ಕೀಚೈನು, ಮತ್ತು ಆ ಪುಸ್ತಕ. ಪುಸ್ತಕದ ಒಳಗೆಲ್ಲೋ ಒಂದು ಸಾಲು: ಅರ್ಜಿಗೆ ಸಹಿ ಮಾಡಿದ ದಿನದಿಂದ ಹತ್ತು ದಿನದೊಳಗೆ ಲಿಖಿತವಾಗಿ ಕೇಳಿದರೆ ಪೂರ್ತಿ ಹಣ ವಾಪಸು. ಆನಂತರವಾದರೆ ಬೆಲೆಯ ಶೇ. 40 ಮುಟ್ಟುಗೋಲು, ತೆರಿಗೆ ವಾಪಸಿಲ್ಲ.

ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಕೀಲು ಇಲ್ಲಿಯೇ ಇದೆ. ಮಾತಿನಲ್ಲಿ ಹೇಳಿದ್ದೊಂದು, ಕಾಗದದಲ್ಲಿ ಬರೆದದ್ದೊಂದು ಎಂಬ ದೂರು ಪ್ರತಿಯೊಬ್ಬ ಸದಸ್ಯನದೂ ಹೌದು. ಆದರೆ ಆಡಿದ ಮಾತನ್ನು ಸಾಬೀತುಪಡಿಸುವುದು ಕಷ್ಟ, ದಿನಾಂಕವನ್ನು ಸಾಬೀತುಪಡಿಸುವುದು ಸುಲಭ. ಡಬ್ಬಿಯ ಮೇಲಿನ ಕೊರಿಯರ್ ಚೀಟಿಯನ್ನು ಶಿಕ್ಷಕಿ ಹರಿದೆಸೆಯದೆ ಇಟ್ಟಿದ್ದರು. ಅದರಲ್ಲಿ ಕಂಪನಿ ಕಟ್ಟನ್ನು ರವಾನೆಗೆ ಕೊಟ್ಟ ದಿನಾಂಕ ಮುದ್ರಿತವಾಗಿತ್ತು, ಅದು ಸಹಿಯಾದ ಹನ್ನೆರಡನೆಯ ದಿನ. ಅಂದರೆ ತಲುಪಲು ತಡವಾದದ್ದು ಮಲೆನಾಡಿನ ರಸ್ತೆಯ ದೋಷವಲ್ಲ. ರದ್ದು ಮಾಡುವ ಹಕ್ಕನ್ನು ತಿಳಿಸುವ ಪುಸ್ತಕ ಕಂಪನಿಯ ಬಾಗಿಲು ದಾಟುವ ಮೊದಲೇ ಆ ಹಕ್ಕಿನ ಅವಧಿ ತೀರಿಹೋಗಿತ್ತು.

ಯುರೋಪಿಯನ್ ಒಕ್ಕೂಟದ 2008ರ ಟೈಮ್‌ಶೇರ್ ನಿರ್ದೇಶನದಲ್ಲಿ ಹದಿನಾಲ್ಕು ದಿನ ಕಾರಣ ಹೇಳದೆ ಹಿಂದೆ ಸರಿಯುವ ಹಕ್ಕಿದೆ, ಆ ಅವಧಿಯಲ್ಲಿ ಮುಂಗಡ ಪಡೆಯುವುದೇ ನಿಷಿದ್ಧ, ಮತ್ತು ಹಿಂದೆ ಸರಿಯುವ ನಮೂನೆಯನ್ನು ಗ್ರಾಹಕನಿಗೆ ಕೊಡದಿದ್ದರೆ ಅವಧಿ ಒಂದು ವರ್ಷ ಹದಿನಾಲ್ಕು ದಿನದವರೆಗೆ ವಿಸ್ತರಿಸುತ್ತದೆ. ನಮ್ಮಲ್ಲಿ ಟೈಮ್‌ಶೇರಿಗೆಂದೇ ಇಂಥ ಕಾನೂನಿಲ್ಲ. ಇಲ್ಲಿ ಹತ್ತು ದಿನ ಎಂಬುದು ಕಂಪನಿಯೇ ತನ್ನ ಕರಾರಿನಲ್ಲಿ ಬರೆದುಕೊಂಡ ಸೌಜನ್ಯ. ಆದ್ದರಿಂದ ಕಂಪನಿಯ ಮಾತನ್ನೇ ಹಿಡಿದು ಕಂಪನಿಯನ್ನು ಕೇಳಬೇಕಾಯಿತು.

ಇನ್ನೊಂದು ಕಾಗದವೂ ಇತ್ತು. ಬೆಲೆ ಇಳಿಸುತ್ತ ಪ್ರತಿನಿಧಿ ಪೆನ್ನಿನಿಂದ ಗೀಚಿದ ಹಾಳೆ. ‘ನಿರ್ವಹಣಾ ಶುಲ್ಕ ಐದು ವರ್ಷ ಉಚಿತ’ ಎಂದು ಬರೆದು ಅದಕ್ಕೆ ಸುತ್ತು ಹಾಕಿದ್ದ. ಎದ್ದು ಹೋಗುವಾಗ ಹಾಳೆಯನ್ನು ಅವನೇ ಮಡಚಿ ಜೇಬಿಗಿಟ್ಟುಕೊಂಡ. ಆದರೆ ನಡುವೆ ಒಮ್ಮೆ ಶಿಕ್ಷಕಿ ಬೆಂಗಳೂರಿನಲ್ಲಿರುವ ಅಣ್ಣನ ಮಗನಿಗೆ ಕಳುಹಿಸಲೆಂದು ಅದರ ಚಿತ್ರ ತೆಗೆದಿದ್ದರು. ಅವನ ಉತ್ತರ, “ಅತ್ತೆ, ಇವತ್ತು ಸೈನ್ ಮಾಡ್ಬೇಡಿ, ಪೇಪರ್ ಮನೆಗೆ ತಗೊಂಡು ಬನ್ನಿ” ಎಂಬುದು, ಸಹಿಯಾಗಿ ಒಂದು ಗಂಟೆಯ ಮೇಲೆ ಬಂದಿತ್ತು. ಕೈಬರಹದ ಚಿತ್ರ ಮತ್ತು ವಾಟ್ಸಾಪ್ ಸಂದೇಶದ ಸಮಯ ಎರಡೂ ಉಳಿದಿದ್ದವು.

ಇದಕ್ಕೆ ಎದುರಾಗಿ ಕಂಪನಿಯ ಬಳಿ ಒಂದು ಧ್ವನಿಮುದ್ರಣವಿತ್ತು. ಮೂರನೆಯ ದಿನ ‘ಸ್ವಾಗತ ಕರೆ’ ಮಾಡಿ, ಎಲ್ಲ ಷರತ್ತುಗಳನ್ನು ವಿವರಿಸಲಾಗಿದೆಯೇ, ಲಿಖಿತವಲ್ಲದ ಭರವಸೆ ಯಾವುದೂ ಇಲ್ಲವಷ್ಟೇ ಎಂದು ಕೇಳಿ ‘ಹೌದು’ ಎನ್ನಿಸಿಕೊಂಡಿದ್ದರು. ಅದಕ್ಕೆ ಮುಂಚೆ ಪ್ರತಿನಿಧಿ ಫೋನ್ ಮಾಡಿ, ಎಲ್ಲದಕ್ಕೂ ಹೌದು ಅನ್ನಿ ಮೇಡಂ, ಇಲ್ಲಾಂದ್ರೆ ಉಡುಗೊರೆಯ ಫೈಲು ಮುಂದೆ ಹೋಗಲ್ಲ ಎಂದಿದ್ದ. ಆ ಫೋನಿಗೆ ಧ್ವನಿಮುದ್ರಣವಿರಲಿಲ್ಲ.

ಎರಡು ಉರುಳು

ಮಾರ್ಚಿನಲ್ಲಿ ಬೇಸಿಗೆ ರಜೆಗೆ ಕೋಣೆ ಕಾದಿರಿಸಲು ಹೋದಾಗ ದಿನಾಂಕಗಳೇ ತೆರೆದುಕೊಳ್ಳಲಿಲ್ಲ. ಏಪ್ರಿಲಿನಲ್ಲಿ ‘ಉಚಿತ’ ಎಂದಿದ್ದ ನಿರ್ವಹಣಾ ಶುಲ್ಕದ ಬಿಲ್ಲು ಬಂತು, ಕಟ್ಟುವವರೆಗೆ ಬುಕಿಂಗ್ ಪೂರ್ತಿ ಬಂದ್. ಮೇ ತಿಂಗಳಲ್ಲಿ ರದ್ದು ಮಾಡಿ ಎಂದು ಕೇಳಿದರೆ ಕಂಪನಿಯವರು ಮುಂದಿಟ್ಟದ್ದು ಮೇಲ್ದರ್ಜೆಯ ಪ್ರಸ್ತಾಪ: ಇನ್ನೂ 90,000 ರೂಪಾಯಿ ಕೊಟ್ಟರೆ ರಜೆಯ ವಾರಗಳೇ ಸಿಗುತ್ತವೆ. ಅಸಮಾಧಾನ ಇರುವವರಿಗೇ ಮತ್ತೆ ಮಾರುವ ಈ ಪದ್ಧತಿಯಿಂದ ಇವರು ಹೇಗೋ ಪಾರಾದರು.

ಜುಲೈನಲ್ಲಿ ಬಂದ ಫೋನಿನಿಂದ ಪಾರಾಗಲಿಲ್ಲ. ಮಾತಾಡಿದವನಿಗೆ ಇವರ ಸದಸ್ಯತ್ವದ ಸಂಖ್ಯೆಯೂ ಕೊಟ್ಟ ಬೆಲೆಯೂ ಗೊತ್ತಿತ್ತು. ಸದಸ್ಯತ್ವ ಕೊಳ್ಳುವವರು ಸಿದ್ಧರಿದ್ದಾರೆ, ನಿರಾಕ್ಷೇಪಣಾ ಪತ್ರದ ಖರ್ಚು ಮತ್ತು ಜಿಎಸ್‌ಟಿ ಎಂದು 18,000 ಕಳುಹಿಸಿ, ಮಾರಾಟವಾದಾಗ ಸೇರಿಸಿ ಕೊಡುತ್ತೇವೆ ಎಂದ. ಯುಪಿಐ ಮೂಲಕ ಹೋದ ಹಣ ಹೋಯಿತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವಷ್ಟರಲ್ಲಿ ವಾರ ದಾಟಿತ್ತು. ಹಣ ಮುಂದಿನ ಖಾತೆಗಳಿಗೆ ಹರಿದುಹೋಗುವ ಮೊದಲು ತಡೆಯಬೇಕಾದರೆ ಮೊದಲ ಕೆಲವು ಗಂಟೆಗಳಲ್ಲೇ ಕರೆ ಹೋಗಬೇಕು. ಮರುಮಾರಾಟಕ್ಕೆ ಕಾನೂನುಬದ್ಧ ಮಾರುಕಟ್ಟೆ ಎಂಬುದು ಹೆಸರಿಗಷ್ಟೇ ಇರುವ ಸರಕು ಇದು, ಕೊಳ್ಳುವವರು ತಾವಾಗಿ ಹುಡುಕಿಕೊಂಡು ಬಂದರೆ ಅದೇ ಅನುಮಾನಕ್ಕೆ ಕಾರಣವಾಗಬೇಕು.

ದೂರು

ಆಗಸ್ಟಿನಲ್ಲಿ ನೋಂದಾಯಿತ ಅಂಚೆಯಲ್ಲಿ ನೋಟಿಸು ಹೋಯಿತು. ಶೇ. 40ರ ಷರತ್ತನ್ನು ಉದ್ಧರಿಸಿದ ಎರಡು ಪ್ಯಾರಾದ ಉತ್ತರ ಬಂತು. ಅಕ್ಟೋಬರಿನಲ್ಲಿ ಶಿವಮೊಗ್ಗದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಲಾಯಿತು. ಕರಾರಿನಲ್ಲಿ, ವಿವಾದವನ್ನು ಆರ್ಬಿಟ್ರೇಶನ್ (ನ್ಯಾಯಾಲಯದ ಹೊರಗೆ ಖಾಸಗಿ ತೀರ್ಪುಗಾರರ ಮುಂದೆ ನಡೆಯುವ ವಿಚಾರಣೆ) ಮೂಲಕವೇ, ಕಂಪನಿಯ ಕೇಂದ್ರ ಕಚೇರಿಯಿರುವ ನಗರದಲ್ಲಿಯೇ ಬಗೆಹರಿಸಬೇಕೆಂದು ಬರೆದಿತ್ತು. ಇದನ್ನು ಓದಿಯೇ ಅನೇಕರು ಕೈಚೆಲ್ಲುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ದೂರುದಾರ ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಲು ಅವಕಾಶ ಕೊಡುತ್ತದೆ, ಮತ್ತು ಆರ್ಬಿಟ್ರೇಶನ್ ಷರತ್ತು ಗ್ರಾಹಕ ಆಯೋಗದ ದಾರಿಯನ್ನು ಮುಚ್ಚುವುದಿಲ್ಲವೆಂಬ ನಿಲುವನ್ನು ಸುಪ್ರೀಂ ಕೋರ್ಟ್ 2018ರ ಡಿಸೆಂಬರಿನಲ್ಲಿ ಎಮಾರ್ ಎಂಜಿಎಫ್ ಪ್ರಕರಣದಲ್ಲಿ ದೃಢಪಡಿಸಿದೆ. ಪಾವತಿಸಿದ ಪ್ರತಿಫಲ, ಅಂದರೆ ಸರಕಿಗೋ ಸೇವೆಗೋ ಕೊಟ್ಟ ಹಣ, 50 ಲಕ್ಷದವರೆಗಿನ ದೂರುಗಳು ಜಿಲ್ಲಾ ಆಯೋಗಕ್ಕೆ ಸೇರುತ್ತವೆ, 5 ಲಕ್ಷದವರೆಗೆ ಶುಲ್ಕವಿಲ್ಲ. ಕಾರಣ ಉದ್ಭವಿಸಿದ ಎರಡು ವರ್ಷದೊಳಗೆ ಸಲ್ಲಿಸಬೇಕು.

ದೂರಿನ ಮಾತನ್ನು ಕಟ್ಟುವಾಗ ಒಂದು ಸೂಕ್ಷ್ಮವಿತ್ತು. ಕಾಯ್ದೆಯ 2(46)ನೇ ಕಲಂ ‘ಅನುಚಿತ ಕರಾರು’ ಏನೆಂದು ವಿವರಿಸುತ್ತದೆ, ನಷ್ಟಕ್ಕೆ ಮೀರಿದ ದಂಡ ಹಾಕುವ ಕರಾರು ಅದರಲ್ಲಿ ಸೇರುತ್ತದೆ. ಶೇ. 40ರ ಮುಟ್ಟುಗೋಲಿಗೆ ಇದು ಅಳತೆ ಮಾಡಿ ಹೊಲಿದಂತಿದೆ. ಆದರೆ ಅನುಚಿತ ಕರಾರಿನ ದೂರನ್ನು ಕೇಳುವ ಅಧಿಕಾರವನ್ನು ಕಾಯ್ದೆ ರಾಜ್ಯ ಆಯೋಗಕ್ಕೂ ರಾಷ್ಟ್ರೀಯ ಆಯೋಗಕ್ಕೂ ಕೊಟ್ಟಿದೆ, ಜಿಲ್ಲಾ ಆಯೋಗಕ್ಕೆ ಕೊಟ್ಟಿಲ್ಲ. ಬೆಂಗಳೂರಿಗೆ ಓಡಾಡುವ ಶಕ್ತಿ ಈ ಕುಟುಂಬಕ್ಕಿರಲಿಲ್ಲ. ಹಾಗಾಗಿ ದೂರನ್ನು ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿ ಎಂಬ ಎರಡು ಆಧಾರದ ಮೇಲೆ ನಿಲ್ಲಿಸಲಾಯಿತು. ಏಕಪಕ್ಷೀಯ ಷರತ್ತುಗಳನ್ನು ಕರಾರಿನಲ್ಲಿ ಸೇರಿಸುವುದೇ ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಪಯೋನೀರ್ ಅರ್ಬನ್ ಪ್ರಕರಣದಲ್ಲಿ, ಆಗಿನ ಹಳೆಯ ಕಾಯ್ದೆಯ ಅಡಿಯಲ್ಲಿ, ಹೇಳಿರುವುದು ಇದಕ್ಕೆ ಬಲ ಕೊಟ್ಟಿತು. ಪೆನ್ನಿನ ಹಾಳೆಯ ಚಿತ್ರಕ್ಕೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ವಿದ್ಯುನ್ಮಾನ ದಾಖಲೆಗಳಿಗೆ ಕೇಳುವ ಪ್ರಮಾಣಪತ್ರವನ್ನೂ ಜೋಡಿಸಲಾಯಿತು.

ಸಾಲದ ಸಂಸ್ಥೆಯನ್ನು ಎರಡನೆಯ ಎದುರುದಾರನನ್ನಾಗಿ ಸೇರಿಸಿದ್ದು ಮುಖ್ಯವಾಯಿತು. ಆ ವೇಳೆಗೆ ಯಜಮಾನರು, ಕಂತು ನಿಲ್ಲಿಸಿಬಿಡೋಣ, ಅವರೇ ಓಡಿ ಬರುತ್ತಾರೆ ಎಂಬ ಹಟದಲ್ಲಿದ್ದರು. ನ್ಯಾಯವಾಗಿ ತೋರಿದರೂ ಅದು ಅಪಾಯದ ದಾರಿ. ಖಾತೆಯಲ್ಲಿ ಹಣವಿಲ್ಲದೆ ಎನ್‌ಎಸಿಎಚ್ ಕಡಿತ ತಿರಸ್ಕೃತವಾದರೆ, ಚೆಕ್ ಬೌನ್ಸಿನಂತೆಯೇ, 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮಿನ ಅಡಿ ಕ್ರಿಮಿನಲ್ ಪ್ರಕರಣ ಹೂಡಬಹುದು, ಜೊತೆಗೆ ಶಿಕ್ಷಕಿಯ ಸಾಲದ ಚರಿತ್ರೆ ಕೆಡುತ್ತದೆ. ಕಂತುಗಳನ್ನು ಪ್ರತಿಭಟನೆಯೊಡನೆ ಕಟ್ಟುತ್ತಿದ್ದೇವೆ ಎಂದು ಸಾಲ ಕೊಟ್ಟ ಸಂಸ್ಥೆಗೆ ಪತ್ರ ಬರೆದು ಕಟ್ಟುತ್ತಲೇ ಹೋದರು. ಡಿಜಿಟಲ್ ಸಾಲಕ್ಕೆ ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿರುವ ಹಿಂದೆ ಸರಿಯುವ ಅವಧಿಯೊಂದಿದೆ. 2022ರ ಮಾರ್ಗಸೂಚಿಯಲ್ಲಿ ಸಾಮಾನ್ಯವಾಗಿ ಕನಿಷ್ಠ ಮೂರು ದಿನವಿದ್ದದ್ದು 2025ರ ನಿರ್ದೇಶನದಲ್ಲಿ ಕನಿಷ್ಠ ಒಂದು ದಿನಕ್ಕೆ ಇಳಿದಿದೆ. ಸಾಲ ಮಾಡಿದ್ದೇ ಗೊತ್ತಿಲ್ಲದವರಿಗೆ ಅದರಿಂದ ಏನೂ ಉಪಯೋಗವಾಗಲಿಲ್ಲ.

ಆಯೋಗ ಉಭಯರ ಒಪ್ಪಿಗೆ ಪಡೆದು ವ್ಯಾಜ್ಯವನ್ನು ಮಧ್ಯಸ್ಥಿಕೆಗೆ ಕಳುಹಿಸಿತು. ಕಂಪನಿಯ ವಕೀಲರು ಮೊದಲು ಹೇಳಿದ್ದು ಕರಾರಿನ ಲೆಕ್ಕವನ್ನೇ: ಬೆಲೆಯ ಶೇ. 60, ಅಂದರೆ 1,92,000 ರೂಪಾಯಿ. ಜನವರಿಯ ಹನ್ನೊಂದನೆಯ ಕಂತಿನ ನಂತರ ಸಾಲದ ಬಾಕಿ ಸುಮಾರು 2,57,600 ಇತ್ತು. ಕಂಪನಿ ಹೇಳಿದ ಮೊತ್ತ ಪಡೆದು ಸಾಲ ತೀರಿಸಲು ಕುಟುಂಬವೇ ಇನ್ನೂ 65,600 ಸೇರಿಸಬೇಕಿತ್ತು. ಆಗ ಕೊರಿಯರ್ ಚೀಟಿಯ ದಿನಾಂಕವನ್ನು ಮಧ್ಯಸ್ಥರ ಮುಂದೆ ಇಡಲಾಯಿತು. ಮಾತಿನ ಧಾಟಿ ಬದಲಾದದ್ದು ಅಲ್ಲಿಂದ. ಕೊನೆಗೆ ಕಂಪನಿ ಸಾಲದ ಬಾಕಿಯನ್ನು ತಾನೇ ಸಂಸ್ಥೆಗೆ ನೇರ ಕಟ್ಟಿ ಮುಕ್ತಾಯಗೊಳಿಸುವುದು, ಕುಟುಂಬಕ್ಕೆ 40,000 ಕೊಡುವುದು, ನಿರ್ವಹಣಾ ಶುಲ್ಕದ ಬೇಡಿಕೆಯನ್ನು ಕೈಬಿಡುವುದು ಎಂದಾಯಿತು. ಫೋನಿನ ವಂಚನೆಯಲ್ಲಿ ಹೋದ 18,000 ಬಿಟ್ಟು, ಕಂಪನಿಯ ವ್ಯವಹಾರದಲ್ಲಿ ಕುಟುಂಬಕ್ಕಾದ ನಷ್ಟ ಸುಮಾರು 1,12,000. ಕರಾರಿನಂತೆ ಹೋಗಿದ್ದರೆ ಅದು 2,17,600 ಆಗುತ್ತಿತ್ತು. ಆದೇಶದವರೆಗೆ ಹೋರಾಡಿದ್ದರೆ ಪೂರ್ತಿ ಹಣವೂ ಬಡ್ಡಿಯೂ ಸಿಗಬಹುದಿತ್ತೆಂಬುದು ನನ್ನ ಅಭಿಪ್ರಾಯವಾಗಿತ್ತು. ತಿಂಗಳಿಗೆ 8,364ರಂತೆ ಕಟ್ಟುತ್ತ ಮೇಲ್ಮನವಿಗಳನ್ನು ಎದುರಿಸಬೇಕಾದವರು ಅವರು, ನಾನಲ್ಲ.

ರಾಜಿಯ ಕರಡನ್ನು ಶಿಕ್ಷಕಿ ಎರಡು ಸಲ ತಿದ್ದಿಸಿದರು. ಮೊದಲ ಕರಡಿನಲ್ಲಿ ಸದಸ್ಯತ್ವ ರದ್ದಾದ ದಿನಾಂಕವಿರಲಿಲ್ಲ, ಎನ್‌ಎಸಿಎಚ್ ಒಪ್ಪಿಗೆಯನ್ನು ಹಿಂಪಡೆಯುವ ಮಾತೂ ಇರಲಿಲ್ಲ. ಎರಡನೆಯದರಲ್ಲಿ ಸಾಲವನ್ನು ‘ಸೆಟಲ್ಡ್’ ಎಂದು ತೋರಿಸುವುದಾಗಿ ಬರೆದಿತ್ತು. ಸಾಲದ ವರದಿಯಲ್ಲಿ ಹಾಗೆ ಬಂದರೆ ಪೂರ್ತಿ ಹಣ ಕಟ್ಟದೆ ರಿಯಾಯಿತಿ ಪಡೆದರೆಂದು ಬ್ಯಾಂಕುಗಳು ಓದುತ್ತವೆ, ಇಲ್ಲಿ ಒಂದು ರೂಪಾಯಿಯೂ ಬಾಕಿ ಉಳಿದಿರಲಿಲ್ಲ. ಅದನ್ನು ‘ಕ್ಲೋಸ್ಡ್’ ಎಂದು ಬದಲಿಸಿದ ಮೇಲೆಯೇ ಅವರು ಸಹಿ ಹಾಕಿದ್ದು. ರಾಜಿಯನ್ನು ದಾಖಲಿಸಿ ಆಯೋಗ ಆದೇಶ ಹೊರಡಿಸಿತು. ಆಯೋಗದ ಆದೇಶವನ್ನು ಪಾಲಿಸದಿದ್ದರೆ 72ನೇ ಕಲಮಿನ ಪ್ರಕಾರ ಜೈಲು ಶಿಕ್ಷೆ ಅಥವಾ ಕನಿಷ್ಠ 25,000 ರೂಪಾಯಿ ದಂಡ, ಇಲ್ಲವೇ ಎರಡಕ್ಕೂ ಅವಕಾಶವಿರುವುದರಿಂದ, ರಾಜಿ ಬರೀ ಕಂಪನಿಯ ಪತ್ರದ ರೂಪದಲ್ಲಿ ಉಳಿಯದಂತೆ ನೋಡಿಕೊಂಡದ್ದು ಒಳ್ಳೆಯದೇ ಆಯಿತು.

ಹಣ ಸಮಯಕ್ಕೆ ಬಂತು. ವರದಿಯಲ್ಲಿ ಮಾತ್ರ ಸಾಲ ‘ಚಾಲ್ತಿಯಲ್ಲಿದೆ’ ಎಂದೇ ತೋರಿಸುತ್ತಿತ್ತು. ಮಗಳ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕುವ ತಯಾರಿಯಲ್ಲಿದ್ದುದರಿಂದ ಇದನ್ನು ಬಿಡುವಂತಿರಲಿಲ್ಲ. ತಿದ್ದುಪಡಿ ಕೇಳಿದ 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲಿನಿಂದ ಜಾರಿಯಲ್ಲಿದೆ. ಅದನ್ನು ಉಲ್ಲೇಖಿಸಿ, ಆದೇಶದ ಪ್ರತಿಯನ್ನೂ ಬಾಕಿಯಿಲ್ಲವೆಂಬ ಪತ್ರವನ್ನೂ ಲಗತ್ತಿಸಿ ಸಾಲ ಮಾಹಿತಿ ಸಂಸ್ಥೆಗೆ ದೂರು ಕೊಟ್ಟರು. ಗಡುವಿನೊಳಗೆ ವರದಿ ಬದಲಾಯಿತು.